ಪಟ್ಟಮಹಿಷಿ ಶಾಂತಲೆಯ ಅಂತ್ಯವೂ ತಾಯಿ ಮಾಚಿಕಬ್ಬೆಯ ಸಮಾಧಿಮರಣವೂ

ಕುಣಿಗಲಿನಿಂದ ನೆಲಮಂಗಲಕ್ಕೆ ಹೋಗುವ ಹೆದ್ದಾರಿಯಲ್ಲಿ ಸೋಲೂರು ಸಮೀಪಿಸಿದಂತೆ ಎಡಗಡೆಗೆ ಶಿವಗಂಗೆಯ ಬೆಟ್ಟವು ಗೋಚರಿಸುತ್ತದೆ. ಗಂಗಾಧರೇಶ್ವರ, ಹೊನ್ನಾದೇವಿ, ಒಳಕಲ್ಲು ತೀರ್ಥ, ಪಾತಾಳಗಂಗೆ ಇವುಗಳಿಂದ ಪ್ರಸಿದ್ಧವಾದ ಈ ಶೈವಕ್ಷೇತ್ರವನ್ನು ನಮ್ಮ ಸೀಮೆಯವರೆಲ್ಲರೂ ಬಲ್ಲರು. ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದಾಗ ಬೆಟ್ಟದ ಮೇಲಿನ ಒಂದು ಕಡಿದಾದ ಬಂಡೆಯಂಚನ್ನು ತೋರಿಸಿ, ಹೊಯ್ಸಳರ ರಾಣಿ ಶಾಂತಲೆ ಇಲ್ಲಿಂದಲೇ ಧುಮುಕಿ ಪ್ರಾಣ ಬಿಟ್ಟಳೆಂದು ಹೇಳುವ ರೂಢಿಯುಂಟು. ಆ ಸ್ಥಳಕ್ಕೆ ಶಾಂತಲಾ ಡ್ರಾಪ್ ಎಂಬ ಹೆಸರೂ ಬಿದ್ದುಹೋಗಿದೆ. ಗಂಡು ಸಂತಾನವಿಲ್ಲದ ಕೊರಗಿನಿಂದ, ರಾಜನು ಬೇರೊಬ್ಬಳನ್ನು ವಿವಾಹವಾಗಲೆಂಬ ತ್ಯಾಗಬುದ್ಧಿಯಿಂದ ಆಕೆ ಹಾಗೆ ಮಾಡಿದಳೆಂಬುದು ಕಥೆ. ಕೇಳಿದವರು ಅಯ್ಯೋ ಪಾಪ ಎನ್ನುತ್ತಾರೆ, ಕೆಳಗೆ ಇಣುಕಿ ನೋಡುತ್ತಾರೆ, ಫೋಟೋ ತೆಗೆಸಿಕೊಂಡು ಇಳಿದುಬರುತ್ತಾರೆ.

ಜಿನಭಕ್ತೆಯೆಂದು ಕಲ್ಲಿನ ಮೇಲೆ ಹೆಸರು ಬರೆಸಿಕೊಂಡ ಒಬ್ಬ ಶ್ರಾವಕಿ ಆತ್ಮಹತ್ಯೆ ಮಾಡಿಕೊಂಡಳೆಂದು ಶತಮಾನಗಳ ಬಳಿಕವೂ ಹೇಳುತ್ತಿರುವುದು ಸಣ್ಣ ಮಾತಲ್ಲ. ಆಕೆಯ ಜೀವನವನ್ನೂ ಅಂತ್ಯವನ್ನೂ ಶಾಸನಗಳು ಹೇಳಿದಷ್ಟರ ಮಟ್ಟಿಗೆ ಈ ಪ್ರತಿಷ್ಠಾ ಮಹೋತ್ಸವದ ಸಂಚಿಕೆಯಲ್ಲಿ ಸಾಧರ್ಮಿ ಬಂಧುಗಳ ಮುಂದಿಡುವುದು ಉಚಿತವೆಂದು ಭಾವಿಸಿದ್ದೇನೆ. ನಾನು ಇತಿಹಾಸ ಸಂಶೋಧಕನಲ್ಲ, ಅಂಗಡಿಯಲ್ಲಿ ಕುಳಿತು ಲೆಕ್ಕ ಬರೆಯುವವನು. ಆದರೆ ಬರೆದಿಟ್ಟ ಪುಸ್ತಕಕ್ಕೂ ಬಾಯಿಮಾತಿಗೂ ತಾಳೆ ಬೀಳದಿದ್ದಾಗ ಯಾವುದನ್ನು ನಂಬಬೇಕೆಂಬುದು ಲೆಕ್ಕ ಬರೆಯುವವನಿಗೆ ತಿಳಿದಿರುತ್ತದೆ.

ಶಾಂತಲೆಯ ತಂದೆ ಪೆರ್ಗಡೆ ಮಾರಸಿಂಗಯ್ಯ, ತಾಯಿ ಮಾಚಿಕಬ್ಬೆ. ತಂದೆ ಪರಮ ಶಿವಭಕ್ತ, ತಾಯಿ ಜಿನಭಕ್ತೆ. ಮಾಚಿಕಬ್ಬೆಯ ತಂದೆ ಬಲದೇವ ದಂಡನಾಯಕ, ತಾಯಿ ಬಾಚಿಕಬ್ಬೆ. ಎರಡು ಧರ್ಮಗಳು ಒಂದೇ ಸೂರಿನ ಕೆಳಗೆ ಕಲಹವಿಲ್ಲದೆ ಬಾಳಿದ ಮನೆಯಲ್ಲಿ ಬೆಳೆದ ಈ ಹೆಣ್ಣುಮಗಳು ಗೀತ, ವಾದ್ಯ, ನೃತ್ಯ ಮೂರರಲ್ಲಿಯೂ ಪ್ರವೀಣೆಯಾಗಿದ್ದಳೆಂದು ಶಾಸನಗಳು ಹೊಗಳುತ್ತವೆ. ಹನ್ನೆರಡನೆಯ ಶತಮಾನದ ಆರಂಭದಲ್ಲಿ ಹೊಯ್ಸಳ ಸಿಂಹಾಸನವನ್ನೇರಿದ ವಿಷ್ಣುವರ್ಧನನಿಗೆ ಆಕೆ ಪಟ್ಟಮಹಿಷಿಯಾದಳು. ಮುಂದೆ ಆ ಅರಸನು ರಾಮಾನುಜಾಚಾರ್ಯರ ಪ್ರಭಾವದಿಂದ ವೈಷ್ಣವನಾದನೆಂದು ಪರಂಪರೆ ಹೇಳುತ್ತದೆ. ಹೀಗೆ ತಂದೆ ಶೈವ, ಗಂಡ ವೈಷ್ಣವ, ತಾನು ಜೈನಳಾಗಿ ಉಳಿದ ಶಾಂತಲೆ ಯಾರೊಂದಿಗೂ ವೈಮನಸ್ಯ ಬೆಳೆಸಲಿಲ್ಲ. 1117ರಲ್ಲಿ ಬೇಲೂರಿನಲ್ಲಿ ಅರಸನು ವಿಜಯನಾರಾಯಣ ದೇವಾಲಯವನ್ನು ಕಟ್ಟಿಸಿದಾಗ ಅದರ ಪಕ್ಕದಲ್ಲಿಯೇ ಚೆನ್ನಿಗರಾಯನ ಗುಡಿಯನ್ನು ಕಟ್ಟಿಸಿದವಳು ಇವಳೇ.

ಆದರೂ ಆಕೆಯ ಹೃದಯ ಬೆಳ್ಗೊಳದಲ್ಲಿತ್ತು. 1123ರಲ್ಲಿ ಚಂದ್ರಗಿರಿಯ ಮೇಲೆ ಆಕೆ ಒಂದು ಬಸದಿಯನ್ನು ಕಟ್ಟಿಸಿ ಶಾಂತಿನಾಥ ಸ್ವಾಮಿಯನ್ನು ಪ್ರತಿಷ್ಠಾಪಿಸಿದಳು. ಅದಕ್ಕೆ ಸವತಿಗಂಧವಾರಣ ಬಸದಿ ಎಂಬ ಹೆಸರು ಇಂದಿಗೂ ನಿಂತಿದೆ. ಸೊಕ್ಕಿದ ಸವತಿಯರೆಂಬ ಆನೆಗಳಿಗೆ ಮದಗಜದಂತಿದ್ದವಳು ಎಂಬುದು ರಾಣಿಯ ಬಿರುದು. ವೀತರಾಗನ ಆಲಯಕ್ಕೆ ಸವತಿಯರ ಮೇಲಿನ ಹುರುಡಿನ ಹೆಸರೇ ಎಂದು ಯಾತ್ರಿಕರು ನಗುವುದನ್ನು ಕೇಳಿದ್ದೇನೆ. ನಗುವಂಥದೇ ಸರಿ. ಆದರೆ ಅದರಿಂದ ಒಂದು ಸಂಗತಿ ಹೊರಡುತ್ತದೆ. ಅರಮನೆಯಲ್ಲಿ ಇತರ ರಾಣಿಯರೂ ಇದ್ದರು, ಅವರ ನಡುವೆ ತಲೆಯೆತ್ತಿ ಬಾಳುವ ಗಟ್ಟಿತನ ಈಕೆಗಿತ್ತು. ಅರಸನು ಇನ್ನೊಬ್ಬಳ ಕೈಹಿಡಿಯಲೆಂದು ಬಂಡೆಯಿಂದ ಹಾರಿಕೊಂಡವಳೆಂಬ ಕಥೆಗೂ ಈ ಬಿರುದಿಗೂ ಹೊಂದಿಕೆ ಎಲ್ಲಿಯದು? ಬಸದಿಯ ಪೂಜೆಗೂ ಋಷಿಗಳ ಆಹಾರದಾನಕ್ಕೂ ಮೊಟ್ಟೆನವಿಲೆ ಎಂಬ ಊರನ್ನು ತನ್ನ ಗುರುಗಳಾದ ಪ್ರಭಾಚಂದ್ರ ಸಿದ್ಧಾಂತದೇವರಿಗೆ ಧಾರೆಯೆರೆದು ಕೊಟ್ಟಳು.

ಆ ಕಾಲದ ಬೆಳ್ಗೊಳದಲ್ಲಿ ಮರಣವು ಬಚ್ಚಿಡತಕ್ಕ ವಿಷಯವಾಗಿರಲಿಲ್ಲವೆಂಬುದನ್ನು ಓದುಗರು ನೆನಪಿನಲ್ಲಿಡಬೇಕು. ಚಂದ್ರಗಿರಿಯ ಬಂಡೆಗಳ ಮೇಲೆ ಕ್ರಿ.ಶ. 600ರ ಸುಮಾರಿನಿಂದಲೇ ಸನ್ಯಸನವಿಧಿಯಿಂದ ದೇಹ ಬಿಟ್ಟವರ ಹೆಸರುಗಳನ್ನು ಕೊರೆಯುತ್ತ ಬಂದಿದ್ದರು. ಪ್ರಭಾಚಂದ್ರರ ಗುರುಗಳಾದ ಮೇಘಚಂದ್ರ ತ್ರೈವಿದ್ಯದೇವರು 1115ರಲ್ಲಿ ಸಮಾಧಿಯನ್ನು ಪಡೆದರು. ಮುಂದಿನ ಐದಾರು ವರ್ಷಗಳಲ್ಲಿ, ಅಂದರೆ 1120ರ ಆಸುಪಾಸಿನಲ್ಲಿ, ದಂಡನಾಯಕ ಗಂಗರಾಜನ ತಾಯಿ ಪೋಚಿಕಬ್ಬೆ, ಅವನ ಪತ್ನಿ ಲಕ್ಷ್ಮೀಮತಿ, ಚಾಮುಂಡನೆಂಬ ವರ್ತಕನ ಪತ್ನಿ ದೇಮತಿ ಇವರೆಲ್ಲರೂ ಅದೇ ಮಾರ್ಗವನ್ನು ಹಿಡಿದರು. ಇವರಲ್ಲಿ ದಂಡನಾಯಕರ ಮನೆಯವರಿದ್ದಾರೆ, ನಮ್ಮಂಥ ವ್ಯಾಪಾರಿಯ ಮನೆಯ ಗೃಹಿಣಿಯೂ ಇದ್ದಾಳೆ. ಶಾಂತಲೆ ತನ್ನ ಬಸದಿಗೆ ಅಡಿಪಾಯ ಹಾಕಿಸುವ ಹೊತ್ತಿಗೆ ಅದೇ ಬೆಟ್ಟದಲ್ಲಿ ಈ ನಿಷಿಧಿಗಳ ಅಕ್ಷರ ಇನ್ನೂ ಹೊಸದಾಗಿತ್ತು. ಮರಣವೆಂದರೇನು, ಅದನ್ನು ಹೇಗೆ ಎದುರುಗೊಳ್ಳಬೇಕು ಎಂಬುದನ್ನು ಆ ತಾಯಿಮಗಳು ಪುರಾಣದಿಂದ ಮಾತ್ರವಲ್ಲ, ಕಣ್ಣೆದುರಿಗೇ ಕಂಡಿದ್ದರು.

ಇನ್ನು ಶಾಂತಲೆಯ ಅಂತ್ಯದ ಮಾತು. ಶಕ 1053ನೆಯ ವಿರೋಧಿಕೃತು ಸಂವತ್ಸರದ ಚೈತ್ರ ಶುದ್ಧ ಪಂಚಮಿ ಸೋಮವಾರದಂದು, ಎಂದರೆ 1131ರಲ್ಲಿ, ಆಕೆ ಶಿವಗಂಗೆಯ ತೀರ್ಥದಲ್ಲಿ ಮುಡಿಪಿ ಸ್ವರ್ಗಸ್ಥಳಾದಳೆಂದು ಬೆಳ್ಗೊಳದ ಶಾಸನ ತಿಳಿಸುತ್ತದೆ. ಇಷ್ಟೇ. ಬೆಟ್ಟದಿಂದ ಬಿದ್ದ ಮಾತಿಲ್ಲ, ಸಂತಾನದ ಕೊರಗಿನ ಮಾತಿಲ್ಲ. ಮುಡಿಪು ಎಂಬ ಶಬ್ದವು ಚಂದ್ರಗಿರಿಯ ಪ್ರಾಚೀನ ನಿಷಿಧಿಗಳಲ್ಲಿ ವ್ರತದಿಂದ ದೇಹ ಬಿಟ್ಟವರಿಗೆ ಬಳಕೆಯಾಗಿರುವುದರಿಂದ ಶಾಂತಲೆಯೂ ಸಲ್ಲೇಖನದಿಂದಲೇ ಮುಡಿಪಿದಳೆಂದು ಅಭಿಮಾನದಿಂದ ವಾದಿಸುವವರು ನಮ್ಮಲ್ಲಿದ್ದಾರೆ. ನನಗೆ ಅದೂ ಒಪ್ಪಿಗೆಯಾಗುವುದಿಲ್ಲ. ಏಕೆಂದರೆ ಅದೇ ಶಾಸನವು ತಾಯಿಯ ಸನ್ಯಸನವನ್ನು ಅಷ್ಟು ವಿಸ್ತಾರವಾಗಿ ವರ್ಣಿಸಿರುವಾಗ, ಪಟ್ಟಮಹಿಷಿಯದೂ ಹಾಗೆಯೇ ಆಗಿದ್ದಿದ್ದರೆ ಒಂದು ಪದದಲ್ಲಿ ಮುಗಿಸುತ್ತಿರಲಿಲ್ಲ. ರಾಣಿ ಶಿವಗಂಗೆಯಲ್ಲಿದ್ದಾಗ ಕಾಲವಶಳಾದಳೆಂದು ತಿಳಿಯುವುದೇ ಕಲ್ಲಿನ ಮಾತಿಗೆ ಹತ್ತಿರ. ಆತ್ಮಹತ್ಯೆಯ ಕಳಂಕವನ್ನು ತೊಳೆಯಲು ಇಲ್ಲದ ವ್ರತವನ್ನು ತಂದು ಹೊದಿಸಬೇಕಾಗಿಲ್ಲ. ರೋಗದಿಂದಲೋ ಆಯುಷ್ಯ ತೀರಿಯೋ ಸಾಯುವುದು ಯಾವ ಶ್ರಾವಕಿಗೂ ಅಗೌರವವಲ್ಲ.

ಆಕೆಯ ತಂದೆ ಮಾರಸಿಂಗಯ್ಯನೂ ತರುವಾಯ ಅಲ್ಲಿಯೇ ತೀರಿಕೊಂಡನು. ಉಳಿದವಳು ಮಾಚಿಕಬ್ಬೆ. ಮಗಳು ಹೋದಳು, ಗಂಡನೂ ಹೋದನು. ರಾಣಿಯು ಸುಗತಿ ಪಡೆದ ಮೇಲೆ ತಾನು ಹಿಂದೆ ಉಳಿಯಲಾರೆನೆಂದು ಆ ತಾಯಿ ಬೆಳ್ಗೊಳಕ್ಕೆ ಬಂದು ಉಗ್ರವಾದ ಸನ್ಯಸನವನ್ನು ಕೈಕೊಂಡಳೆಂದು ಶಾಸನ ಹೇಳುತ್ತದೆ. ಶಿವಗಂಗೆಗೂ ಬೆಳ್ಗೊಳಕ್ಕೂ ನಡುವೆ ಇರುವುದು ನಮ್ಮ ಕುಣಿಗಲು ಸೀಮೆಯೇ ಎಂಬುದನ್ನು ಇಲ್ಲಿನ ಬಂಧುಗಳು ಒಮ್ಮೆ ನೆನೆಯಬಹುದು.

ಈಗ ನಿಜವಾಗಿ ಕಷ್ಟವಾದ ಪ್ರಶ್ನೆ ಬರುತ್ತದೆ. ಮಗಳ ಹಿಂದೆ ಉಳಿಯಲಾರೆನೆಂದು ಅನ್ನ ಬಿಡುವುದು ಸಲ್ಲೇಖನವೇ? ಅದು ಶೋಕವಲ್ಲವೇ? ಬಂಡೆಯಿಂದ ಹಾರುವುದಕ್ಕೂ ಇದಕ್ಕೂ ಏನು ಅಂತರ? ಅನ್ಯಮತೀಯ ಮಿತ್ರರು ಹಲವು ಬಾರಿ ಈ ಪ್ರಶ್ನೆಯನ್ನು ಕೇಳುತ್ತಾರೆ, ನಮ್ಮ ಯುವಕರೂ ಕೇಳುತ್ತಾರೆ. ಸಿಟ್ಟಾಗದೆ ಉತ್ತರ ಕೊಡಬೇಕಾದ ಪ್ರಶ್ನೆಯಿದು.

ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಸಲ್ಲೇಖನಕ್ಕೆ ಕಾರಣಗಳನ್ನು ಎಣಿಸಿ ಹೇಳಿದೆ. ಪರಿಹಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ ಇವು ಒದಗಿದಾಗ ಧರ್ಮಕ್ಕಾಗಿ ಶರೀರವನ್ನು ಬಿಡುವುದೇ ಸಲ್ಲೇಖನ. ಪರಿಹಾರವಿಲ್ಲದ ಎಂಬ ವಿಶೇಷಣವನ್ನು ಮರೆಯಬಾರದು. ಔಷಧಿಯಿಂದ ವಾಸಿಯಾಗುವ ಕಾಯಿಲೆಗೆ ಔಷಧಿಯನ್ನೇ ತೆಗೆದುಕೊಳ್ಳಬೇಕು. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಇದಕ್ಕೆ ಒಂದು ದೃಷ್ಟಾಂತ ಕೊಟ್ಟಿದ್ದಾರೆ. ವ್ಯಾಪಾರಿಯಾದ ನನಗೆ ಅದು ಬಹಳ ಹಿಡಿಸಿತು. ನಾನಾ ಬಗೆಯ ಸರಕನ್ನು ತುಂಬಿಟ್ಟ ವರ್ತಕನೊಬ್ಬನು ತನ್ನ ಮಳಿಗೆ ನಾಶವಾಗಲೆಂದು ಎಂದಾದರೂ ಬಯಸುವನೇ? ಅಪಾಯ ಬಂದರೆ ಕೈಲಾದಷ್ಟು ತಡೆಯುತ್ತಾನೆ. ಮಳಿಗೆ ಉಳಿಯುವುದಿಲ್ಲವೆಂದು ಖಚಿತವಾದಾಗ ಒಳಗಿನ ಬೆಲೆಯುಳ್ಳ ಸರಕನ್ನು ಉಳಿಸಿಕೊಳ್ಳಲು ನೋಡುತ್ತಾನೆ. ದೇಹವು ಮಳಿಗೆ, ವ್ರತಶೀಲಗಳು ಸರಕು. ಗೋದಾಮಿಗೆ ಬೆಂಕಿ ಬಿದ್ದದ್ದನ್ನು ಕಂಡವರಿಗೆ ಈ ಮಾತಿನ ಸತ್ಯ ವಿವರಿಸಬೇಕಾಗಿಲ್ಲ. ಬೆಂಕಿಯಿಲ್ಲದಿರುವಾಗ ತಾನೇ ಕೊಳ್ಳಿಯಿಡುವವನು ವ್ಯಾಪಾರಿಯಲ್ಲ. ಉರಿಯುತ್ತಿರುವ ಗೋಡೆಯನ್ನೇ ತಬ್ಬಿಕೊಂಡು ಸರಕನ್ನು ಮರೆಯುವವನೂ ಅಲ್ಲ.

ಉಮಾಸ್ವಾತಿಯವರ ತತ್ತ್ವಾರ್ಥಸೂತ್ರ ಇನ್ನೂ ಸೂಕ್ಷ್ಮಕ್ಕೆ ಹೋಗುತ್ತದೆ. ಸಲ್ಲೇಖನ ಕೈಕೊಂಡವನಿಗೆ ಐದು ಅತಿಚಾರಗಳುಂಟು. ಇನ್ನೂ ಬದುಕಬೇಕೆಂಬ ಆಸೆ, ಬೇಗ ಸಾಯಬೇಕೆಂಬ ಆಸೆ, ಮಿತ್ರರ ಮೇಲಿನ ಅನುರಾಗ, ಹಿಂದಿನ ಸುಖದ ಸ್ಮರಣೆ, ಮುಂದಿನ ಭೋಗದ ನಿದಾನ. ಮೊದಲೆರಡನ್ನು ಒಟ್ಟಿಗೇ ಇಟ್ಟಿರುವುದನ್ನು ನೋಡಿ. ಎಷ್ಟು ಕಾಲ ಬದುಕಬೇಕು ಎಂದು ಮನುಷ್ಯ ಕೇಳುವ ಪ್ರಶ್ನೆಗೆ ನೂರು ವರ್ಷವೆಂದೂ ಅರವತ್ತೆಂದೂ ಸೂತ್ರಕಾರರು ಹೇಳಲಿಲ್ಲ. ಹೆಚ್ಚಿಸಿಕೊಳ್ಳಬೇಕೆಂಬ ಹಂಬಲವೂ ದೋಷ, ಕಡಿಮೆ ಮಾಡಿಕೊಳ್ಳಬೇಕೆಂಬ ಆತುರವೂ ದೋಷ. ಸಾಯಬೇಕೆಂಬ ಆಸೆಯೇ ವ್ರತಭಂಗಕ್ಕೆ ದಾರಿಯಾದ ಮೇಲೆ ಆತ್ಮಹತ್ಯೆಗೆ ಅಲ್ಲಿ ಎಡೆಯೆಲ್ಲಿ?

ಈ ಅಳತೆಗೋಲನ್ನು ಮಾಚಿಕಬ್ಬೆಗೆ ಹಚ್ಚಿದರೆ, ಆಕೆ ಹೊರಟ ಗಳಿಗೆಯ ಮಾತಿನಲ್ಲಿ ಮೂರನೆಯ ಅತಿಚಾರದ, ಎಂದರೆ ಅನುರಾಗದ, ನೆರಳು ಕಾಣುತ್ತದೆಯೆಂದು ಒಪ್ಪಿಕೊಳ್ಳಬೇಕು. ತಾಯಿಯಲ್ಲವೇ. 1117ಕ್ಕೆ ಮುಂಚೆಯೇ ರಾಣಿಯಾಗಿದ್ದ ಮಗಳ ತಾಯಿ 1131ರಲ್ಲಿ ಇಳಿವಯಸ್ಸಿಗೆ ಕಾಲಿಟ್ಟಿದ್ದಿರಬೇಕು. ಮುಪ್ಪೂ ದುಃಖವೂ ಕೂಡಿಯೇ ಆಕೆಯನ್ನು ಬೆಳ್ಗೊಳಕ್ಕೆ ಕರೆತಂದವು. ಆದರೆ ಬಂದ ಮೇಲೆ ಏನು ನಡೆಯಿತೆಂಬುದು ಮುಖ್ಯ. ಶಾಸನವನ್ನು ರಚಿಸಿದ ಬೋಕಿಮಯ್ಯ ಇಲ್ಲಿ ಒಂದೊಂದನ್ನೂ ಬಿಡಿಸಿ ಹೇಳಿದ್ದಾನೆ. ಅರೆಮುಚ್ಚಿದ ಕಣ್ಣು, ಪಂಚಪದಗಳ ಉಚ್ಚಾರಣೆ, ಜಿನೇಂದ್ರನ ಸ್ಮರಣೆಯ ಕ್ರಮ, ಬಂಧುಗಳನ್ನು ಬೀಳ್ಕೊಂಡ ಗಾಂಭೀರ್ಯ. ಹೀಗೆ ಒಂದು ತಿಂಗಳ ಕಾಲ ಸಂತೋಷದಿಂದ ಉಪವಾಸವಿದ್ದು ಭವ್ಯಜನರ ಸನ್ನಿಧಿಯಲ್ಲಿ ಆಕೆ ಸಮಾಧಿಯಿಂದ ದೇಹ ಬಿಟ್ಟಳು. ಮಗಳ ಗುರುಗಳಾಗಿದ್ದ ಪ್ರಭಾಚಂದ್ರ ಸಿದ್ಧಾಂತದೇವರು, ವರ್ಧಮಾನದೇವರು, ರವಿಚಂದ್ರದೇವರು ಸನ್ನಿಧಿಯಲ್ಲಿದ್ದರು.

ಒಂದು ತಿಂಗಳು ಎಂಬುದನ್ನು ನಾನು ಬಹಳ ದಿನ ಯೋಚಿಸಿದ್ದೇನೆ. ಬಂಡೆಯಿಂದ ಹಾರುವುದಕ್ಕೆ ಒಂದು ಕ್ಷಣ ಸಾಕು. ಆ ಕ್ಷಣ ಕಳೆದರೆ ಬಹುಮಟ್ಟಿಗೆ ಮನಸ್ಸು ತಿರುಗುತ್ತದೆ. ತಿಂಗಳ ಉಪವಾಸದಲ್ಲಿ ಮೂವತ್ತು ಬೆಳಗುಗಳಿವೆ. ಪ್ರತಿ ಬೆಳಗೂ ಹಸಿವು ಎದ್ದು ಬಂದು ಇನ್ನೊಮ್ಮೆ ಕೇಳುತ್ತದೆ. ಎದುರಿಗೆ ಗುರುಗಳಿದ್ದಾರೆ, ಪರಿಣಾಮ ಕೆಡುತ್ತಿದೆಯೇ ಎಂದು ನೋಡುತ್ತಿದ್ದಾರೆ. ಬಂಧುಗಳು ಸುತ್ತಲೂ ಇದ್ದಾರೆ, ಅವರಲ್ಲಿ ಒಬ್ಬರಾದರೂ ಅತ್ತು ಬೇಡವೆಂದಿರಬೇಕು. ಬರಿಯ ಶೋಕದಿಂದ ಹೊರಟವಳಾಗಿದ್ದರೆ ಆ ಶೋಕ ಮೂವತ್ತು ದಿನ ತುಂಬುವುದರೊಳಗೆ ಕರಗುತ್ತಿತ್ತು, ಅಥವಾ ಆರ್ತಧ್ಯಾನವಾಗಿ ಮುಖದಲ್ಲಿ ಎದ್ದು ಕಾಣುತ್ತಿತ್ತು. ಶೋಕದಲ್ಲಿ ಆರಂಭವಾದುದು ಅಲ್ಲಿ ಬೇರೆಯೇ ಆಗಿ ಮುಗಿಯಿತೆಂದು ನನ್ನ ಅಭಿಪ್ರಾಯ. ಬೋಕಿಮಯ್ಯ ಸಂತೋಷವೆಂಬ ಮಾತನ್ನು ಸುಮ್ಮನೆ ಬರೆದಿರಲಾರ.

ಬಂಧುಗಳ ಬೀಳ್ಕೊಡುಗೆಯ ವಿಷಯದಲ್ಲಿಯೂ ಶ್ರಾವಕಾಚಾರದ ವಿಧಿ ಸ್ಪಷ್ಟವಾಗಿದೆ. ಮೊದಲು ಸ್ನೇಹವನ್ನೂ ವೈರವನ್ನೂ ಬಿಡಬೇಕು. ಸ್ವಜನರಿಗೂ ಪರಿಜನರಿಗೂ ಕ್ಷಮೆ ಕೊಟ್ಟು ಕ್ಷಮೆ ಕೇಳಬೇಕು. ಮಾಡಿದ, ಮಾಡಿಸಿದ, ಅನುಮೋದಿಸಿದ ಪಾಪಗಳನ್ನು ಕಪಟವಿಲ್ಲದೆ ಆಲೋಚನೆ ಮಾಡಬೇಕು. ಆಮೇಲೆ ಘನ ಆಹಾರವನ್ನು ಬಿಟ್ಟು ಹಾಲಿನಂಥ ಸ್ನಿಗ್ಧ ಪಾನ, ಅದನ್ನೂ ಬಿಟ್ಟು ಕಾಯಿಸಿದ ನೀರಿನಂಥ ಖರಪಾನ, ಕಡೆಗೆ ಶಕ್ತ್ಯನುಸಾರ ಉಪವಾಸ. ದೀಪಾವಳಿಯ ಹೊತ್ತಿಗೆ ಖಾತೆಗಳನ್ನು ಚುಕ್ತಾ ಮಾಡಿ ಹೊಸ ಪುಸ್ತಕ ತೆರೆಯುವ ನಮಗೆ ಈ ಕ್ರಮ ಅಪರಿಚಿತವಲ್ಲ. ಬಾಕಿ ತೀರಿಸುವುದು ಮುಂಚೆ, ಅನ್ನ ಬಿಡುವುದು ಆಮೇಲೆ. ಅಣ್ಣತಮ್ಮಂದಿರೊಡನೆ ಜಮೀನಿನ ವ್ಯಾಜ್ಯವನ್ನು ಹಾಗೆಯೇ ಇಟ್ಟುಕೊಂಡು ಸಲ್ಲೇಖನದ ಮಾತಾಡುವವರು ಈ ಮೊದಲ ಮೆಟ್ಟಿಲನ್ನು ಇನ್ನೊಮ್ಮೆ ಓದಬೇಕು.

ಇಲ್ಲಿಯೇ ಇನ್ನೊಂದು ಎಚ್ಚರಿಕೆಯನ್ನೂ ಹೇಳದಿದ್ದರೆ ತಪ್ಪಾದೀತು. ಮಕ್ಕಳು ಮಾತನಾಡಿಸುವುದಿಲ್ಲವೆಂದು ಮುನಿದು ತಟ್ಟೆಯನ್ನು ದೂರ ಸರಿಸುವ ಮುದುಕರು ನಮ್ಮ ಮನೆಗಳಲ್ಲಿಯೂ ಇದ್ದಾರೆ. ಪತಿ ತೀರಿದ ದುಃಖದಲ್ಲಿ ಊಟ ಸೇರದ ತಾಯಂದಿರಿದ್ದಾರೆ. ಅದಕ್ಕೆ ವ್ರತದ ಹೆಸರು ಕೊಟ್ಟು ಕೈಮುಗಿದು ನಿಲ್ಲುವುದು ಘೋರ. ಅಲ್ಲಿ ಬೇಕಾದದ್ದು ಪಕ್ಕದಲ್ಲಿ ಕುಳಿತು ಕಲಸಿದ ಅನ್ನದ ಒಂದು ತುತ್ತು, ನಾಲ್ಕು ಒಳ್ಳೆಯ ಮಾತು, ವೈದ್ಯರ ಸಲಹೆ. ಸಲ್ಲೇಖನವನ್ನು ಒಬ್ಬರು ಇನ್ನೊಬ್ಬರ ಮೇಲೆ ಹೇರುವಂತಿಲ್ಲ. ಸಂಘದ ಕೀರ್ತಿಗಾಗಿ ಪ್ರೇರೇಪಿಸುವಂತೆಯೂ ಇಲ್ಲ. ಮಾಚಿಕಬ್ಬೆಯನ್ನು ಯಾರೂ ಕರೆತರಲಿಲ್ಲ, ತಾನಾಗಿ ಬಂದಳು.

ಈ ವಿಚಾರ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದೆ. 2015ರ ಆಗಸ್ಟ್ 10ರಂದು ರಾಜಸ್ಥಾನದ ಉಚ್ಚ ನ್ಯಾಯಾಲಯವು ಸಂಥಾರಾ ವ್ರತವನ್ನು ಆತ್ಮಹತ್ಯೆಗೆ ಸಮವೆಂದು ತೀರ್ಪಿತ್ತಾಗ ದೇಶದ ಜೈನರೆಲ್ಲರೂ ಮೌನ ಮೆರವಣಿಗೆ ನಡೆಸಿದರು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆ ನೀಡಿತು. 2018ರಲ್ಲಿ ಅದೇ ಸರ್ವೋಚ್ಚ ನ್ಯಾಯಾಲಯವು, ಗುಣವಾಗುವ ಆಸೆಯಿಲ್ಲದ ರೋಗಿಯು ಯಂತ್ರಗಳ ಆಧಾರದಿಂದ ಮಾತ್ರ ಉಸಿರು ಹಿಡಿದಿರುವ ಸ್ಥಿತಿಯನ್ನು ಬೇಡವೆನ್ನಬಹುದೆಂದೂ ಘನತೆಯ ಮರಣವು ಜೀವಿಸುವ ಹಕ್ಕಿನಲ್ಲಿಯೇ ಅಡಕವೆಂದೂ ಹೇಳಿತು. ಅದನ್ನು ಜಾರಿಗೆ ತರುವ ಕ್ರಮದ ಬಗ್ಗೆ ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಆದೇಶ ಹೊರಡಿಸಿತು. ಇವೆರಡೂ ಒಂದೇ ಎನ್ನಲಾಗದು. ಒಂದರಲ್ಲಿ ಚಿಕಿತ್ಸೆ ನಿಲ್ಲುತ್ತದೆ, ಇನ್ನೊಂದರಲ್ಲಿ ಕಷಾಯಗಳು ನಿಲ್ಲಬೇಕು. ಆದರೂ ತೀವ್ರ ನಿಗಾ ಘಟಕದ ಗಾಜಿನ ಹೊರಗೆ ನಿಂತು, ಒಳಗೆ ಮಲಗಿರುವ ವೃದ್ಧ ತಂದೆಗೆ ಇನ್ನೆಷ್ಟು ದಿನ ಹೀಗೆ ಎಂದು ಒಬ್ಬರ ಮುಖ ಒಬ್ಬರು ನೋಡುವ ಮಕ್ಕಳಿಗೆ, ತೊಂಬತ್ತು ದಾಟಿದ ಶತಮಾನಗಳ ಹಿಂದೆಯೂ ಇದನ್ನು ಯೋಚಿಸಿದ ತಾಯಂದಿರಿದ್ದರೆಂಬ ಕಲ್ಪನೆ ಬರುವುದೇ ಇಲ್ಲ. ತೊಂಬತ್ತು ಎಂಬುದು ಬಾಯಿತಪ್ಪಿನ ಮಾತು. ಲೆಕ್ಕ ಹಾಕಿದರೆ ಒಂಬತ್ತು ಶತಮಾನಗಳೇ ಆಗುವುದು. ಬಂಧುಗಳನ್ನು ಬೀಳ್ಕೊಳ್ಳುವಷ್ಟು ಎಚ್ಚರವಿರುವಾಗಲೇ ಬೀಳ್ಕೊಂಡದ್ದು ಮಾಚಿಕಬ್ಬೆಯ ಭಾಗ್ಯ.

ಚಂದ್ರಗಿರಿಯ ಶಾಸನಗಳನ್ನು ಬಿ. ಎಲ್. ರೈಸ್ ಅವರು 1889ರಲ್ಲಿ ಪುಸ್ತಕರೂಪದಲ್ಲಿ ಪ್ರಕಟಿಸಿದರು. ಆರ್. ನರಸಿಂಹಾಚಾರ್ಯರು 1923ರಲ್ಲಿ ಅದನ್ನು ಪರಿಷ್ಕರಿಸಿ ವಿಸ್ತರಿಸಿದರು. ಅಂದಿನಿಂದ ಈ ಸಂಗತಿಗಳು ಅಚ್ಚಿನಲ್ಲಿವೆ. ಹಾಗಿದ್ದರೂ ಬಂಡೆಯ ಕಥೆಯನ್ನು ಹೇಳುವವರು ಸಾವಿರ ಮಂದಿಯಾದರೆ ಮಾಚಿಕಬ್ಬೆಯ ಹೆಸರನ್ನು ಬಲ್ಲವರು ಹತ್ತು ಮಂದಿ ಸಿಕ್ಕುವುದಿಲ್ಲ.

ಶಾಂತಲೆಯ ಕಾಲಾನಂತರ ಎರಡು ವರ್ಷ ಕಳೆಯುವುದರಲ್ಲಿ ದಂಡನಾಯಕ ಗಂಗರಾಜನೂ ತೀರಿಕೊಂಡನು. ಅವನ ಮಗ ಬೊಪ್ಪದೇವನು ತಂದೆಯ ನೆನಪಿಗಾಗಿ ದೋರಸಮುದ್ರದಲ್ಲಿ, ಎಂದರೆ ಈಗಿನ ಹಳೇಬೀಡಿನಲ್ಲಿ, ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದನು. 1133ರಲ್ಲಿ ನಯಕೀರ್ತಿ ಸಿದ್ಧಾಂತ ಚಕ್ರವರ್ತಿಗಳಿಂದ ಅದರ ಪ್ರತಿಷ್ಠೆ ನೆರವೇರಿತು. ಪ್ರತಿಷ್ಠೆಯ ಗಂಧೋದಕವನ್ನೂ ಶೇಷೆಯನ್ನೂ ಹಿಡಿದು ಅರ್ಚಕರು ಬಂಕಾಪುರದಲ್ಲಿದ್ದ ವಿಷ್ಣುವರ್ಧನನ ಬಳಿಗೆ ಹೋದರು. ಆಗತಾನೇ ಯುದ್ಧದಲ್ಲಿ ಜಯ ದೊರೆತಿತ್ತು, ರಾಣಿ ಲಕ್ಷ್ಮೀದೇವಿಗೆ ಗಂಡುಮಗು ಹುಟ್ಟಿದ ಸುದ್ದಿಯೂ ಬಂದಿತ್ತು. ವೈಷ್ಣವನೆಂದು ಹೆಸರಾದ ಆ ದೊರೆ ಎದ್ದುನಿಂತು ಕೈಮುಗಿದು ಗಂಧೋದಕವನ್ನು ತಲೆಗೆ ಹಚ್ಚಿಕೊಂಡು, ದೇವರಿಗೆ ವಿಜಯ ಪಾರ್ಶ್ವನಾಥನೆಂದೂ ಮಗುವಿಗೆ ವಿಜಯ ನರಸಿಂಹದೇವನೆಂದೂ ಹೆಸರಿಟ್ಟು, ಬಸದಿಗೆ ಊರನ್ನು ದತ್ತಿ ಬಿಟ್ಟನು.